ಕಂಪವಾತ ಮತ್ತು ಸಮತೋಲನ: ನಸಗುನ್ನಿಯಿಂದ ಕಾಂತಪ್ರಚೋದನೆಯವರೆಗೆ

ಬಿಸಿಲೆಯ ಇಳಿಜಾರುಗಳಲ್ಲಿ ಮನೆಯಿಂದ ತೋಟಕ್ಕೆ ಹೋಗಿಬರುವುದೆಂದರೆ ಏರಿಳಿತದ ಕಾಲುದಾರಿಯನ್ನೂ ಹಳ್ಳದ ಮೇಲಿನ ಕಾಲುಸಂಕವನ್ನೂ ದಾಟುವುದೆಂದೇ ಅರ್ಥ. ಇಂತಹ ನೆಲದಲ್ಲಿ ಕಂಪವಾತಕ್ಕೆ, ಎಂದರೆ ಪಾರ್ಕಿನ್ಸನ್ ರೋಗಕ್ಕೆ, ಈಡಾದವರಿಗೆ ಕೈನಡುಕಕ್ಕಿಂತಲೂ ಬೀಳುವ ಅಪಾಯವೇ ಹಿರಿದು. ಈ ಸಮತೋಲನದ ತೊಡಕಿಗೆ ಪರೀಕ್ಷಿಸಲ್ಪಡುತ್ತಿರುವ ಕಾಂತಪ್ರಚೋದನ ಚಿಕಿತ್ಸೆಯನ್ನು ಅದರ ಪೂರ್ವಚರಿತ್ರೆಯೊಡನೆ ಸಂಗ್ರಹವಾಗಿ ವಿವರಿಸುವುದು ನಮ್ಮ ಉದ್ದೇಶ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗವನ್ನು ವರ್ಣಿಸಿದನು. ಮಿದುಳಿನ ಒಳಭಾಗದ ಕೆಲವು ಜೀವಕೋಶಗಳು ನಶಿಸಿ ಡೋಪಮಿನ್ ಎಂಬ ದ್ರವ್ಯ ಕಡಮೆಯಾಗುವುದು ಇದರ ಮುಖ್ಯ ಕಾರಣವೆಂದು ಮುಂದೆ ತಿಳಿದುಬಂದಿತು. ಆ ಕೊರತೆಯನ್ನು ತುಂಬುವ ಲೆವೊಡೋಪ ನಮ್ಮ ಮಲೆನಾಡಿಗೆ ಅಪರಿಚಿತವಲ್ಲ. ಮೈಗೆ ಸೋಕಿದರೆ ತುರಿಸುವ ನಸಗುನ್ನಿಯ ಬೀಜದಲ್ಲಿ ಅದು ಉಂಟೆಂದು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ತೋರಿಸಿದರು. 1967ರಲ್ಲಿ ಕೊಟ್ಜಿಯಾಸ್ ಅದರ ಚಿಕಿತ್ಸಾಗುಣವನ್ನು ಸ್ಪಷ್ಟಪಡಿಸಿದನು. ಆದರೆ ಬೀಜದಲ್ಲಿ ಅದರ ಪ್ರಮಾಣ ಒಂದೇ ಸಮನಾಗಿರದ ಕಾರಣ ವೈದ್ಯರ ಸಲಹೆಯಿಲ್ಲದೆ ಅದನ್ನು ಸೇವಿಸತಕ್ಕದ್ದಲ್ಲ.

ಈ ಔಷಧ ಬಿಗಿತವನ್ನೂ ಚಲನೆಯ ನಿಧಾನವನ್ನೂ ಚೆನ್ನಾಗಿ ತಗ್ಗಿಸುತ್ತದೆ. ಸಮತೋಲನವನ್ನು ಮಾತ್ರ ಅಷ್ಟಾಗಿ ಸರಿಪಡಿಸಲಾರದು. ನಿಲುವನ್ನು ಕಾಯುವ ಕಾರ್ಯದಲ್ಲಿ ಡೋಪಮಿನ್‌ಗೆ ಹೊರತಾದ ನರವ್ಯೂಹಗಳೂ ಪಾಲುಗೊಳ್ಳುವುದೇ ಇದಕ್ಕೆ ಕಾರಣ. ಈ ಕೊರತೆಯೇ ಕಾಂತಪ್ರಚೋದನೆಯತ್ತ ಸಂಶೋಧಕರ ದೃಷ್ಟಿಯನ್ನು ಸೆಳೆದಿದೆ.

ಇದರ ತತ್ತ್ವ ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದೇ: ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಪ್ರೇರಿಸುತ್ತದೆ. 1985ರಲ್ಲಿ ಶೆಫೀಲ್ಡಿನ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಸುರುಳಿಯನ್ನಿರಿಸಿ, ಕ್ಷಣಮಾತ್ರ ಪ್ರಬಲ ವಿದ್ಯುತ್ತನ್ನು ಹರಿಸಿ, ಬುರುಡೆಯನ್ನು ತೆರೆಯದೆಯೇ ಮಿದುಳಿನ ಹೊರಪದರವನ್ನು ಪ್ರಚೋದಿಸಿದರು. ಸಾಮಾನ್ಯವಾಗಿ ಸೆಕೆಂಡಿಗೆ 5 ಅಥವಾ ಹೆಚ್ಚು ಮಿಡಿತಗಳು ಆ ಭಾಗವನ್ನು ಚುರುಕುಗೊಳಿಸುತ್ತವೆ; ಸೆಕೆಂಡಿಗೆ 1 ಮಿಡಿತ ಅದನ್ನು ಶಮನಗೊಳಿಸುತ್ತದೆ. ಚಲನೆಯನ್ನು ಆಳುವ ಭಾಗಗಳೂ ಹಿಮ್ಮಿದುಳೂ ಇಲ್ಲಿ ಗುರಿಗಳು. ಮೂರ್ಛೆರೋಗವುಳ್ಳವರಿಗೂ ತಲೆಯೊಳಗೆ ಲೋಹದ ಸಾಧನವುಳ್ಳವರಿಗೂ ವಿಶೇಷ ಎಚ್ಚರಿಕೆ ಅವಶ್ಯಕ.

ಕರ್ನಾಟಕದಲ್ಲಿ, 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಕಂಪವಾತದ ಸಂಶೋಧನೆಯಲ್ಲಿ ಈ ವಿಧಾನವನ್ನು ಬಳಸಿದೆ. ಈವರೆಗಿನ ಪ್ರಯೋಗಗಳಲ್ಲಿ ನಡಿಗೆಗೆ ಕೆಲಮಟ್ಟಿಗೆ ಅನುಕೂಲ ಕಂಡುಬಂದಿದ್ದರೂ ಸಮತೋಲನದ ವಿಷಯದಲ್ಲಿ ಫಲಿತಾಂಶ ಏಕರೂಪವಾಗಿಲ್ಲ. ಅನೇಕ ಪ್ರಯೋಗಗಳು ಚಿಕ್ಕವು, ಪರಿಣಾಮವೂ ಕ್ರಮೇಣ ಇಳಿಯತಕ್ಕದ್ದು. ಆದುದರಿಂದ ಇದನ್ನು ಔಷಧ ವ್ಯಾಯಾಮಗಳ ಬದಲಿಯೆಂದು ಎಣಿಸುವಂತಿಲ್ಲ.

ಇನ್ನೊಂದು ಅಂಶ ಗಮನಾರ್ಹ. ಈ ಚಿಕಿತ್ಸೆಗೆ ಸಾಮಾನ್ಯವಾಗಿ ಕೆಲವು ವಾರಗಳ ಕಾಲ ದಿನದಿನವೂ ಹಾಜರಾಗಬೇಕು. ಬಿಸಿಲೆಯಿಂದ ಬೆಂಗಳೂರಿಗೆ 200 ಕಿಲೋಮೀಟರಿಗೂ ಮಿಗಿಲಾದ ದಾರಿ. ಆಸ್ಪತ್ರೆಯ ಸಮನೆಲದಲ್ಲಿ ರೋಗಿ ಇಟ್ಟ ಹೆಜ್ಜೆಯನ್ನು ಅಳೆದರೆ ಸಾಲದು. ಆ ಹೆಜ್ಜೆ ಊರಿನ ಕಾಲುಸಂಕದ ಮೇಲೂ ಸ್ಥಿರವಾಗಿ ಉಳಿಯುವುದೇ ಎಂಬುದನ್ನು ಪರೀಕ್ಷಿಸಬೇಕು. ಅಲ್ಲಿಯವರೆಗೆ ಕ್ರಮವಾದ ವ್ಯಾಯಾಮ, ಊರುಗೋಲು, ಸಂಕಕ್ಕೊಂದು ಹಿಡಿಗಂಬಿ, ಇವೇ ನೆಚ್ಚತಕ್ಕ ಆಸರೆಗಳೆಂದು ನಾವು ಭಾವಿಸುತ್ತೇವೆ.