ಪಿತ್ತಕೋಶದ ಕಲ್ಲು: ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ?

ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಪಿತ್ತಕೋಶವು ಸುಮಾರು 30ರಿಂದ 50 ಮಿಲಿಲೀಟರ್ ಪಿತ್ತರಸ ಹಿಡಿಯುವ ಪುಟ್ಟ ಚೀಲವಾಗಿದ್ದು, ಜಿಡ್ಡಿನ ಆಹಾರ ಸಣ್ಣಕರುಳಿಗೆ ಇಳಿದಾಗ ಸಂಕುಚಿಸಿ ಆ ರಸವನ್ನು ಪಿತ್ತನಾಳದ ಮೂಲಕ ಕರುಳಿಗೆ ಹರಿಸುತ್ತದೆ. ರಸದಲ್ಲಿ ಕೊಲೆಸ್ಟರಾಲ್ ಕರಗುವ ಮಿತಿಯನ್ನು ಮೀರಿದಾಗ, ಇಲ್ಲವೇ ಕೆಂಪು ರಕ್ತಕಣಗಳು ಒಡೆದು ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ಹೆಚ್ಚಿದಾಗ, ಅದು ಹರಳುಗಟ್ಟಿ ಕ್ರಮೇಣ ಕಲ್ಲಾಗುತ್ತದೆ.

ಬೇರಾವುದೋ ಕಾರಣಕ್ಕೆ ಮಾಡಿಸಿದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡರೆ ಗಾಬರಿಯಾಗುವುದು ಸಹಜವೇ ಆದರೂ, ಕಲ್ಲು ಇರುವುದು ಬೇರೆ, ಅದರಿಂದ ಕಾಯಿಲೆ ಬೀಳುವುದು ಬೇರೆ. ತೊಂದರೆ ಕೊಡದ ಕಲ್ಲುಳ್ಳವರಲ್ಲಿ ವರ್ಷಕ್ಕೆ ಸುಮಾರು ಶೇಕಡಾ 1ರಿಂದ 4ರಷ್ಟು ಮಂದಿಗೆ ಮಾತ್ರ ನೋವು ಶುರುವಾಗುವುದರಿಂದ, ಅಂಥವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ.

ನಿರ್ಧಾರವೆಲ್ಲ ನೋವಿನ ಸ್ವರೂಪವನ್ನು ಅವಲಂಬಿಸಿದೆ. ಕಲ್ಲು ಪಿತ್ತಕೋಶದ ಕತ್ತಿಗೆ ಸಿಕ್ಕಿಕೊಂಡಾಗ ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಬಲ ಪಕ್ಕೆಲುಬಿನ ಕೆಳಗೆ ಏಳುವ ನೋವು, ಹಲವೊಮ್ಮೆ ಊಟವಾಗಿ ಗಂಟೆ ಕಳೆದ ಮೇಲೆ ಅಥವಾ ನಡುರಾತ್ರಿಯಲ್ಲಿ ಆರಂಭವಾಗಿ, ಏರುತ್ತ ಹೋಗಿ, ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮನೆ ನಿಂತು, ಕೆಲವರಲ್ಲಿ ಬಲ ಹೆಗಲಿನ ಹಿಂಭಾಗಕ್ಕೂ ಹರಿಯುತ್ತದೆ. ತೇಗು ಬಂದರೂ ವಾಯು ಹೋದರೂ ಅದು ಶಮನವಾಗದು. ಇಂಥ ನೋವು ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚಾದ್ದರಿಂದ ಶಸ್ತ್ರಚಿಕಿತ್ಸೆಯೇ ಸೂಕ್ತ. ಬರಿಯ ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿಗಳನ್ನು ಕಲ್ಲಿನ ಲೆಕ್ಕಕ್ಕೆ ಬರೆದು ಪಿತ್ತಕೋಶವನ್ನು ತೆಗೆಸಿದರೆ, ಆ ತೊಂದರೆಗಳು ಬಹುತೇಕ ಹಾಗೆಯೇ ಉಳಿಯುತ್ತವೆ.

ದೊಡ್ಡ ಕಲ್ಲೇ ಹೆಚ್ಚು ಅಪಾಯಕಾರಿ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಸಾಸಿವೆಯಷ್ಟು ಸಣ್ಣ ಕಲ್ಲು ನಾಳಕ್ಕೆ ಜಾರಿ ಕಾಮಾಲೆಯನ್ನೋ, ಮೇದೋಜೀರಕ ಗ್ರಂಥಿಯ ಉರಿಯೂತವನ್ನೋ ತರಬಲ್ಲದು, ಎರಡನೆಯದು ಪ್ರಾಣಕ್ಕೂ ಎರವಾಗಬಹುದು. ಇತ್ತ, ನೋವಿಲ್ಲದಿದ್ದರೂ 3 ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲಿದ್ದರೆ ಅಥವಾ ಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ, ಕ್ಯಾನ್ಸರಿನ ಸಂಭವವನ್ನು ಪರಿಗಣಿಸಿ ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸುವುದುಂಟು.

ಕಲ್ಲನ್ನಷ್ಟೇ ತೆಗೆದರೆ ಅದೇ ಚೀಲದಲ್ಲಿ ಮತ್ತೆ ಕಲ್ಲು ಕಟ್ಟುವುದರಿಂದ ಚೀಲವನ್ನೇ ತೆಗೆಯಬೇಕೆಂಬ ವಿಚಾರದಿಂದ ಕಾರ್ಲ್ ಲಾಂಗನ್‌ಬುಖ್ 1882ರಲ್ಲಿ ಬರ್ಲಿನ್ನಿನಲ್ಲಿ ಮೊದಲ ಬಾರಿಗೆ ಈ ಶಸ್ತ್ರಚಿಕಿತ್ಸೆ ನಡೆಸಿದರು. 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ ಅದನ್ನು ಸಾಧಿಸಿದ ಬಳಿಕ ಲ್ಯಾಪರೊಸ್ಕೋಪಿ ವಿಧಾನ ಎಲ್ಲೆಡೆ ಬಳಕೆಗೆ ಬಂತು. ಕೋಶವಿಲ್ಲದಿದ್ದರೂ ಯಕೃತ್ತಿನಿಂದ ಪಿತ್ತರಸ ನೇರವಾಗಿ ಕರುಳಿಗೆ ಹರಿಯುವುದರಿಂದ ಜೀರ್ಣಕ್ರಿಯೆ ನಡೆದೇ ನಡೆಯುತ್ತದೆ.

ಆದರೆ ನೋವಿನ ಜೊತೆಗೆ ಜ್ವರ, ಚಳಿ ಅಥವಾ ಕಣ್ಣಿನ ಹಳದಿ ಕಾಣಿಸಿಕೊಂಡರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.