ಕಂದಕವನ್ನು ಅದುಮಿಹಿಡಿದಿರುವುದು ಯಾವುದು?

ಕೆರೆಯನ್ನು ಕಂಡವರು ಸಮುದ್ರವೂ ನಡುವಿನಲ್ಲಿಯೇ ಅತಿ ಆಳವಾಗಿರಬೇಕೆಂದು ಊಹಿಸುವುದು ಸಹಜ. ಆದರೆ ಸಾಗರದ ಆಳವಾದ ಕಂದಕಗಳು ಬಹುಮಟ್ಟಿಗೆ ಅಂಚಿನಲ್ಲಿ, ದ್ವೀಪಮಾಲೆಗಳ ಮಗ್ಗುಲಲ್ಲಿಯೇ ಇವೆ. ಶಾಂತಸಾಗರದ ಮರಿಯಾನಾ ಕಂದಕದ ಆಳ ಸುಮಾರು 10,900 ಮೀಟರ್. ಎವರೆಸ್ಟನ್ನು ಅದರೊಳಗೆ ಇಳಿಸಿದರೂ ಶಿಖರದ ಮೇಲೆ ಎರಡು ಕಿಲೋಮೀಟರ್ ನೀರು ನಿಲ್ಲುವುದು. ನಮ್ಮ ಹಿಂದೂ ಮಹಾಸಾಗರದಲ್ಲಿಯೂ ಸುಮಾತ್ರಾ, ಜಾವಾ ದ್ವೀಪಗಳ ಹೊರಮಗ್ಗುಲಿಗೆ ಬಿಲ್ಲಿನಂತೆ ಬಾಗಿದ ಸುಂದಾ ಕಂದಕವುಂಟು. ಅದರ ಆಳ 7,000 ಮೀಟರಿಗೂ ಹೆಚ್ಚು.

ಈ ಕಂದಕದ ಗುಟ್ಟು ಹೊರಬಿದ್ದುದು ಲೋಲಕದಿಂದ. ಲೋಲಕದ ಆಂದೋಲನಕಾಲವು ಆ ಸ್ಥಳದ ಗುರುತ್ವವನ್ನು ಅವಲಂಬಿಸಿರುವುದೆಂದು ವಿದ್ಯಾರ್ಥಿಗಳು ಬಲ್ಲರು. ಓಲಾಡುವ ಹಡಗಿನಲ್ಲಿ ಈ ಪ್ರಯೋಗ ನಡೆಯದು. ಆದುದರಿಂದ ಡಚ್ ವಿಜ್ಞಾನಿ ಫೆಲಿಕ್ಸ್ ವೆನಿಂಗ್ ಮೈನೆಸ್ 1923ರಲ್ಲಿ ತನ್ನ ಲೋಲಕಗಳನ್ನು ಜಲಾಂತರ್ಗಾಮಿಯೊಂದರಲ್ಲಿ ಇರಿಸಿಕೊಂಡು ಜಾವಾದ ಕಡೆಗೆ ಹೊರಟನು; ಅಲೆಗಳ ಕಾಟ ತಟ್ಟದಷ್ಟು ಕೆಳಗಿಳಿದು ಅಳೆಯುವುದು ಅವನ ಉಪಾಯ. ಆತ ಆರಡಿಗೂ ಮೀರಿ ಬೆಳೆದ ಆಳು. ಆ ಇಕ್ಕಟ್ಟಿನಲ್ಲಿ ವಾರಗಟ್ಟಲೆ ಹೇಗೆ ಕಳೆದನೋ!

ಮುಂದಿನ ವರ್ಷಗಳ ಅಳತೆಗಳಲ್ಲಿ, ಕಂದಕವನ್ನು ಅನುಸರಿಸಿ ಸಾಗಿದ ಪಟ್ಟಿಯೊಂದರಲ್ಲಿ ಗುರುತ್ವವು ಕಡಿಮೆಯಿರುವುದು ಕಂಡಿತು. ಕೆಲವೆಡೆ ಕೊರತೆ ಸುಮಾರು ಐದು ಸಾವಿರದಲ್ಲಿ ಒಂದು ಪಾಲು. ಅಲ್ಪವೆನ್ನಬೇಡಿ. ಭೂಮಿಯ ಹೊರಚಿಪ್ಪು ತನ್ನಡಿಯ ಸಾಂದ್ರವಾದ ಪದರದ ಮೇಲೆ, ನೀರಿನಲ್ಲಿ ಮರದ ದಿಮ್ಮಿಯಂತೆ, ತೇಲುತ್ತಿರುವಂಥದು. ಹಗುರಾದ ಭಾಗ ಮೇಲೇಳಬೇಕಷ್ಟೆ? ಏಳದಿದ್ದರೆ ಯಾವುದೋ ಬಲವು ಅದನ್ನು ಅದುಮಿಹಿಡಿದಿರಬೇಕು.

ಒಳಪದರದ ನಿಧಾನವಾದ ಪ್ರವಾಹಗಳು ಚಿಪ್ಪನ್ನು ಕೆಳಕ್ಕೆ ಮಡಿಸುತ್ತಿವೆಯೆಂದು ಆತ ತರ್ಕಿಸಿದನು. ಅರ್ಧ ಸರಿಯಾದ ಉತ್ತರ. ಆ ಕಾಲಕ್ಕಂತೂ ಬಹು ದಿಟ್ಟವಾದುದು. ಪೂರ್ಣಚಿತ್ರ ದೊರೆತುದು 1960ರ ದಶಕದಲ್ಲಿ. ಸಾಗರತಳದ ಶಿಲಾಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಸರಿದುಬಂದು ದ್ವೀಪಗಳ ಕೆಳಗೆ ಓರೆಯಾಗಿ ನುಗ್ಗುತ್ತಿದೆ. ತಣಿದು ಸಾಂದ್ರವಾದ ಈ ಹಳೆಯ ಫಲಕವನ್ನು ಅದರ ಭಾರವೇ ಒಳಕ್ಕೆ ಜಗ್ಗುವುದು. ಅದು ಬಾಗಿ ಇಳಿಯುವೆಡೆಯೇ ಕಂದಕ. ಜಾವಾದ ಕೆಳಗೆ 600 ಕಿ.ಮೀ. ಆಳದಲ್ಲಿಯೂ ಭೂಕಂಪಗಳು ಹುಟ್ಟುವುದು ಈ ಫಲಕದಲ್ಲಿಯೇ. ಅದರಿಂದ ಹೊರಬಿದ್ದ ನೀರು ಮೇಲಣ ಬಂಡೆಯ ದ್ರವನಬಿಂದುವನ್ನು ತಗ್ಗಿಸುವುದರಿಂದ ಅಲ್ಲಿ ಜ್ವಾಲಾಮುಖಿಗಳೂ ಉಂಟು.

ಈ ಇಳಿತ ಸರಾಗವಾದುದಲ್ಲ. ಫಲಕಗಳು ಒಂದನ್ನೊಂದು ಕಚ್ಚಿಕೊಂಡು ನೂರಾರು ವರ್ಷ ನಿಲ್ಲುತ್ತವೆ. ಮೇಲಣ ಫಲಕದ ಅಂಚು ಕೆಳಕ್ಕೆ ಎಳೆಯಲ್ಪಟ್ಟು ಬಾಗುತ್ತದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಆ ಹಿಡಿತ ತಪ್ಪಿತು. ಸುಮಾರು 1,300 ಕಿ.ಮೀ. ಉದ್ದಕ್ಕೆ ಫಲಕಗಳು ಜಾರಿ, ಸಾಗರತಳವು ಮೇಲಕ್ಕೆ ಚಿಮ್ಮಿತು. ಹಾಗೆ ಎದ್ದ ನೀರು ಎರಡು ಗಂಟೆಗಳ ಸುಮಾರಿಗೆ ತಮಿಳುನಾಡಿನ ಕರಾವಳಿಗೆ ಅಪ್ಪಳಿಸಿತು. ಹಲವು ದೇಶಗಳಲ್ಲಿ ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನ ಮಡಿದರು. ಹಿಂದೂ ಮಹಾಸಾಗರಕ್ಕೆ ಆಗ ಮುನ್ನೆಚ್ಚರಿಕೆಯ ಏರ್ಪಾಡೇ ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಅಂಥ ಕೇಂದ್ರವೊಂದು ಆರಂಭವಾಯಿತು. ಭೂಕಂಪಮಾಪಕಗಳೊಡನೆ ಸಾಗರತಳದಲ್ಲಿ ಇರಿಸಿದ ಒತ್ತಡಮಾಪಕಗಳೂ ಅದಕ್ಕೆ ಸುದ್ದಿ ಕಳುಹಿಸುತ್ತವೆ. ತಮ್ಮ ಮೇಲಣ ನೀರಿನ ಕಂಬ ಕೆಲವು ಸೆಂಟಿಮೀಟರ್ ಏರಿದರೂ ಅವು ಅರಿಯಬಲ್ಲವು.