ಬಾಲ ಕುಣಿಸುವ ಸಿಪಿಲೆಗಳು

ಕೆರೆಯಂಚು, ಹೊಳೆದಂಡೆ, ಉತ್ತ ಗದ್ದೆಗಳಲ್ಲಿ ಉದ್ದನೆಯ ಬಾಲವನ್ನು ಕುಣಿಸುತ್ತ ಓಡಾಡುವ ತೆಳುಮೈಯ ಹಕ್ಕಿಗಳೇ ಸಿಪಿಲೆಗಳು. ಕುಂಡೆಕುಸ್ಕ ಎಂಬ ಹೆಸರೂ ಇವಕ್ಕಿದೆ. ಗುಬ್ಬಚ್ಚಿಯ ಹಾಗೆ ಇವು ಕುಪ್ಪಳಿಸುವುದಿಲ್ಲ. ಒಂದೊಂದೇ ಹೆಜ್ಜೆಯಿಟ್ಟು ನಡೆಯುತ್ತವೆ, ಹುಳ ಕಂಡೊಡನೆ ಓಡುತ್ತವೆ. ಹಾರುವಾಗ ಏರಿ ಇಳಿದು, ಮತ್ತೆ ಏರಿ ಸಾಗುತ್ತವೆ. ಬಣ್ಣ ಕಾಣದಷ್ಟು ದೂರದಲ್ಲಿದ್ದರೂ ನಡಿಗೆ ಮತ್ತು ಹಾರಾಟದಿಂದಲೇ ಗುರುತು ಹಿಡಿಯಬಹುದು.

ಕರ್ನಾಟಕದಲ್ಲಿ ವರ್ಷವಿಡೀ ಇದ್ದು ಇಲ್ಲೇ ಮರಿ ಮಾಡುವುದು ಕಪ್ಪು ಬಿಳುಪಿನ ದೊಡ್ಡ ಸಿಪಿಲೆ. ಸುಮಾರು 21 ಸೆಂ.ಮೀ. ಉದ್ದದ ಈ ಹಕ್ಕಿ ಸಿಪಿಲೆಗಳಲ್ಲೆಲ್ಲ ದೊಡ್ಡದು. ಇದರ ನೆಲೆ ಭಾರತ ಉಪಖಂಡವೇ. ರಂಗನತಿಟ್ಟಿನಲ್ಲಿ ಕಾವೇರಿಯ ನಡುವಿನ ಬಂಡೆಗಳ ಮೇಲೆ ಇದನ್ನು ಸುಲಭವಾಗಿ ನೋಡಬಹುದು. ಹೊಸಬರು ಇದನ್ನು ಮಡಿವಾಳ ಹಕ್ಕಿಯೆಂದು ತಿಳಿಯುವುದುಂಟು. ಕಣ್ಣಿನ ಮೇಲುಗಡೆ ನೋಡಿದರೆ ಅನುಮಾನ ಬಗೆಹರಿಯುತ್ತದೆ: ಕಪ್ಪು ತಲೆಯ ಮೇಲೆ ಹುಬ್ಬು ತೀಡಿದಂತೆ ಬಿಳಿಯ ಪಟ್ಟಿಯಿದ್ದರೆ ಅದು ಸಿಪಿಲೆ. ಕಲ್ಲಿನ ಸಂದು, ಸೇತುವೆಯ ತೂತು, ಮನೆಯ ಮಾಡು, ಹೀಗೆ ನೀರಿಗೆ ಹತ್ತಿರದ ಯಾವುದೇ ಮರೆಯಲ್ಲಿ ಗೂಡು ಕಟ್ಟಿ ಮೂರರಿಂದ ಐದು ಮೊಟ್ಟೆ ಇಡುತ್ತದೆ. ಬೆಳಗಿನ ಜಾವ ಇದು ಹಾಡುವ ಹಾಡು ಬಹಳ ಇಂಪು. ಅದಕ್ಕಾಗಿಯೇ ಬೇಗ ಏಳಬಹುದು.

ಉಳಿದವು ಬಹುಮಟ್ಟಿಗೆ ಚಳಿಗಾಲದ ವಲಸಿಗರು. ಬೂದು ಸಿಪಿಲೆ ಹಿಮಾಲಯ ಮತ್ತು ಅದರಾಚೆಯಿಂದ ಸೆಪ್ಟೆಂಬರ್ ಹೊತ್ತಿಗೇ ಪಶ್ಚಿಮಘಟ್ಟದ ತೊರೆಗಳಿಗೆ ಬರುತ್ತದೆ. ಬೆನ್ನು ಬೂದು, ಬಾಲದ ಬುಡದಡಿ ಹಳದಿ, ಬಾಲವಂತೂ ತುಂಬಾ ಉದ್ದ. ಹಳದಿ ಸಿಪಿಲೆಗಳು ಮೇಯುವ ದನಗಳ ಕಾಲಬಳಿಯೇ ಸುಳಿದಾಡಿ, ಹುಲ್ಲಿನಿಂದ ಎದ್ದ ಹುಳಗಳನ್ನು ಹಿಡಿಯುತ್ತವೆ. ಕೊಡಗಿನ ಕಾಫಿ ತೋಟಗಳ ನೆರಳಿನಲ್ಲಿ ಸಿಗುವ ಕಾಡು ಸಿಪಿಲೆಯ ರೀತಿಯೇ ಬೇರೆ: ಅದು ಬಾಲವನ್ನು ಮೇಲೆ ಕೆಳಗೆ ಆಡಿಸದೆ ಎಡಬಲಕ್ಕೆ ತೂಗುತ್ತದೆ.

ಬಾಲ ಆಡಿಸುವುದೇಕೆ? ಹುಳಗಳನ್ನು ಬೆದರಿಸಿ ಎಬ್ಬಿಸಲು ಎಂಬ ಊಹೆ ಹಳೆಯದು. ತಾನು ಎಚ್ಚರವಾಗಿದ್ದೇನೆಂದು ಬೇಟೆಗಾರ ಹಕ್ಕಿಗೆ ತೋರಿಸುವ ಸನ್ನೆಯಿದು ಎಂಬುದು ಇನ್ನೊಂದು ವಾದ. ಕೊನೆಯ ಮಾತು ಯಾರೂ ಹೇಳಿಲ್ಲ.

ಸಿಪಿಲೆ ನೋಡಲು ದುಬಾರಿ ಸಲಕರಣೆ ಬೇಡ. ಸಾಧಾರಣ ದುರ್ಬೀನು ಸಾಕು. ಅಟ್ಟಿಸಿಕೊಂಡು ಹೋದರೆ ಹಕ್ಕಿ ಹಾರಿಹೋಗುತ್ತದೆ. ಒಂದೆಡೆ ಅಲುಗಾಡದೆ ಕುಳಿತರೆ ಮೇಯುತ್ತ ಮೇಯುತ್ತ ತಾನಾಗಿಯೇ ಹತ್ತಿರ ಬರುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ಕುಳಿತರೆ ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ.

ಕೆರೆಗಳನ್ನು ಚೆಂದಗೊಳಿಸುವ ಭರದಲ್ಲಿ ಸುತ್ತಲೂ ಕಲ್ಲು ಕಟ್ಟಿ, ಅಂಚಿನ ಕೆಸರು ಹುಲ್ಲನ್ನೆಲ್ಲ ತೆಗೆದುಹಾಕುವುದು ಈಗ ಹೆಚ್ಚಾಗಿದೆ. ಹಳದಿ ಸಿಪಿಲೆಗಳ ಊಟ ಇರುವುದೇ ಆ ಕೆಸರಿನಲ್ಲಿ. ಊರಿನ ಕೆರೆಯ ಕೆಲಸ ಶುರುವಾದಾಗ ಒಂದು ಬದಿಯ ದಂಡೆಯನ್ನಾದರೂ ಇದ್ದಂತೆಯೇ ಬಿಡಿ ಎಂದು ಊರಿನವರು ಪಟ್ಟು ಹಿಡಿಯಬೇಕು.